ಸಡಿಲ

ಬಲಗಾಲಿನ ಹೆಬ್ಬೆರಳೊಂದು ಮಾತು ಕೇಳುತ್ತಿರಲಿಲ್ಲ. ಉಳಿದ ಬೆರಳುಗಳನ್ನು ಬಸವಣ್ಣೆಪ್ಪ ಹೇಗೋ ಒಲಿಸಿಕೊಂಡಿದ್ದ. ಸಡಿಲಾಗು, ಸಡಿಲಾಗು ಎಂದು ಮನಸ್ಸಿನಲ್ಲೇ ಗದರಿದ. ಅದು ಇನ್ನಷ್ಟು ಸೆಟೆಯಿತು. ಸಾಲೆಯಲ್ಲಿ ಇಂಗ್ಲಿಷ್ ಪಾಠದ ಹೊತ್ತಿಗೆ ಗದ್ದಲ ಮಾಡುವ ಹುಡುಗರ ಮೇಲೆ ಕೂಗಿದಾಗಲೂ ಇದೇ ಗತಿ.

ಹುಬ್ಬಳ್ಳಿಯ ಡಾಕ್ಟರರು ಎದೆಗೆ ನಳಿಗೆ ಹಚ್ಚಿ ನೋಡಿ, "ಒಳಗ ಏನೂ ಇಲ್ರಿ ಮಾಸ್ತರ," ಎಂದಿದ್ದರು. ಅದು ಅವನಿಗೂ ಗೊತ್ತಿತ್ತು. "ಮೈ ಬಿಗಿಹಿಡಕೊಂಡು ಬದಕಾಕತ್ತೀರಿ. ದಿನಾ ತುಸು ಹೊತ್ತು ಕಣ್ಣು ಮುಚ್ಚಿ, ಕಾಲಿಂದ ತಲೀತನಾ ಸಾವಕಾಶ ಸಡಲ ಬಿಡ್ರಿ. ಉಸಿರು ತಾನ ನಿಧಾನ ಆಗ್ತೈತಿ, ನಿದ್ದಿ ಬರ್ತೈತಿ, ಸಿಟ್ಟು ಇಳಿತೈತಿ. ಹಿಂಗ ಬಿಗಿಹಿಡಕೊಂಡ ನಡಸಿದ್ರ ಎದಿ ಬಾಳ ದಿನ ತಡಿಯೂದಿಲ್ಲ."

ಮಲಗಿ ಮಾಡಿ ನೋಡಿದ್ದಾಯಿತು. ಹಾಡಹಗಲೇ ಅಂಗಾತ ಮಲಗಿದ ಗಂಡಸನ್ನು ಸವಣೂರಿನಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. "ಆರಾಮಿಲ್ಲೇನ್ರಿ?" ಎಂದು ಕೇಳಿ ಕೇಳಿ ಇದ್ದ ಆರಾಮವನ್ನೂ ಕೆಡಿಸಿದರು.

ಅದಕ್ಕೇ ಈ ರವಿವಾರ ಕುಳಿತೇ ಮಾಡುತ್ತಿದ್ದ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಕೊಂಡು ಕಾಲು ಮಡಿಚಿ ಕುಳಿತಿದ್ದ. ಮೈ ಮುಂದಕ್ಕೆ ಜೋಲುತ್ತಿತ್ತೆಂದು ಹೆಗಲ ಮೇಲಿನ ವಲ್ಲಿಯನ್ನು ಎದೆಗೆ ಸುತ್ತಿ, ಗೋಡೆಯ ಗೂಟಕ್ಕೆ ಬಿಗಿದಿದ್ದ. ತನ್ನ ಜಾಣತನಕ್ಕೆ ಖುಷಿಯೂ ಆಗಿತ್ತು. ಹೆಂಡತಿ ವೀರವ್ವ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು.

ಯುದ್ಧ ಶುರುವಾದಾಗಿನಿಂದ ಕಡ್ಡಿಪೆಟ್ಟಿಗೆ ತುಟ್ಟಿ. ಒಲೆಗೆ ಕೆಂಡ ಕೇಳಲು ಬಂದ ಪಕ್ಕದ ಮನೆಯ ದಾನವ್ವ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅಯ್ಯ ಶಿವನ! ಮಾಸ್ತರು ಹ್ವಾದ್ರಲ್ಲೋ!"

ಅವರ ಮಂದಿಯಲ್ಲಿ ಹೆಣ ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಕಾಲು ಮಡಿಚಿ ಗೋಡೆಗೆ ಕೂರಿಸುತ್ತಾರೆ. ಬೀಳದಂತೆ ಬಟ್ಟೆಯಿಂದ ಬಿಗಿಯುತ್ತಾರೆ. ಅಷ್ಟನ್ನೂ ತಾನೇ ಮಾಡಿಕೊಂಡಿದ್ದೇನೆಂದು ಬಸವಣ್ಣೆಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕಣ್ಣು ತೆರೆಯಬೇಕಿತ್ತು. ತೆರೆದರೆ ಏನೆನ್ನುವುದು? ಹೆಬ್ಬೆರಳು ಸಡಿಲಿಸುತ್ತಿದ್ದೆ ಎನ್ನುವುದೇ? ವಾಕ್ಯ ಕೂಡಿಸುವಷ್ಟರಲ್ಲಿ ಅಂಗಳ ತುಂಬಿತ್ತು.

"ಯಾರು ಕುಂದರಿಸ್ಯಾರ?" ಓಣಿಯ ಹಿರಿಯ ಕರಬಸಪ್ಪನ ದನಿ. "ಯಾರರ ಆಗ್ಲಿ, ಚೊಲೋ ಕುಂದರಿಸ್ಯಾರ. ಮಠದ ಅಯ್ಯನವರಿಗೆ ಹೇಳಿ ಕಳಸ್ರಿ. ಕುಣಿ ತೋಡಸ್ರಿ."

ಹಾಗೆ ಕೂತವನನ್ನು ಯಾರೂ ಮುಟ್ಟಿ ನೋಡಲಿಲ್ಲ. ಇನ್ನು ಅವನಿಂದ ಯಾರಿಗೂ ಏನೂ ಬೇಕಿರಲಿಲ್ಲ. ಹೆಬ್ಬೆರಳು ತಾನಾಗಿ ಸಡಿಲಾಯಿತು. ಆಮೇಲೆ ಮೊಣಕಾಲು, ಹೊಟ್ಟೆ, ದವಡೆ. ಪಕ್ಕೆಲುಬಿನ ಕೆಳಗೆ ವರ್ಷಗಟ್ಟಲೆ ಕುಳಿತಿದ್ದ ಗಂಟು ಬಿಚ್ಚಿತು. ಇದು ಸುಖವೋ ಭಯವೋ ಅವನಿಗೆ ತಿಳಿಯಲಿಲ್ಲ.

ಹಸಿ ಬಟ್ಟೆಗಳು ನೆಲಕ್ಕೆ ಬಿದ್ದ ಸದ್ದಾಯಿತು. ವೀರವ್ವ ಬಂದಿದ್ದಳು. ಅವಳ ಅಳುವಿಗಾಗಿ ಬಸವಣ್ಣೆಪ್ಪ ಕಾದ. ನಿಜ ಹೇಳಬೇಕೆಂದರೆ, ಆಸೆಯಿಂದಲೇ ಕಾದ.

"ಎಲ್ಲಾರೂ ತುಸು ಹೊರಗ ನಿಂದರ್ರಿ," ಎಂದಳು.

"ಅತ್ತುಬಿಡವ್ವ, ಹಗುರಾಗ್ತೈತಿ," ಎಂದಳು ದಾನವ್ವ.

"ಅಳ್ತೇನಿ. ಮೊದಲ ಒಂದೀಟು ಕುಂದರ್ತೇನಿ."

ಪಕ್ಕದಲ್ಲೇ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಮದುವೆಯಾದಂದಿನಿಂದ ಹಿಡಿದಿಟ್ಟಿದ್ದಳೋ ಎಂಬಂತೆ ಒಂದು ಉದ್ದನೆಯ ಉಸಿರು ಬಿಟ್ಟಳು. ತಲೆ ಮೆಲ್ಲಗೆ ಅವನ ಭುಜಕ್ಕೆ ಒರಗಿತು. ನಿದ್ದೆ ಬಾರದ ರಾತ್ರಿಗಳಲ್ಲೆಲ್ಲ ಅವನು "ಎಚ್ಚರ ಅದೀಯೇನ?" ಎಂದು ಕೇಳುತ್ತಿದ್ದ. ಅವಳು ಒಮ್ಮೆಯೂ ತಪ್ಪದೆ "ಹೂಂ" ಎನ್ನುತ್ತಿದ್ದಳು. ಅವಳು ಯಾವಾಗ ಮಲಗುತ್ತಾಳೆಂದು ಅವನೆಂದೂ ಕೇಳಿರಲಿಲ್ಲ. ಈಗ ನೆನೆದು ನಾಚಿಕೆಯಾಯಿತು.

ತನ್ನ ಭುಜ ಬೆಚ್ಚಗಿತ್ತು. ಅವಳಿಗೆ ಗೊತ್ತಾಗದೇ ಇದ್ದೀತೇ? ಗೊತ್ತಾಗಿದ್ದರೆ ಯಾಕೆ ಸುಮ್ಮನಿದ್ದಾಳೆ? ಗೊತ್ತಾಗದಿದ್ದರೆ ಹೇಗೆ ನಿದ್ದೆ ಬಂತು? ವೀರವ್ವ ಸಣ್ಣಗೆ ಗೊರಕೆ ಹೊಡೆಯತೊಡಗಿದ್ದಳು.

ಅವಳ ತಲೆ ಅಲುಗಬಾರದೆಂದು ಅವನು ಉಸಿರು ಬಿಗಿಹಿಡಿದ. ಎದೆ ಡವಡವ ಎನ್ನತೊಡಗಿತು.

ಅಂಗಳದಲ್ಲಿ ಭಜನೆಯ ತಾಳ ಶುರುವಾಯಿತು. ಕರಬಸಪ್ಪ ಒಳಗೆ ಬಂದು ಬಸವಣ್ಣೆಪ್ಪನಿಗೆ ಹೂವಿನ ಹಾರ ಹಾಕಿದ. ಹಾರ ಉದ್ದವಾಗಿತ್ತು. ಅವನ ಕೊರಳಿಗೆ ಬಿದ್ದದ್ದು ಅವಳ ತಲೆಯನ್ನೂ ಬಳಸಿತು. ಗೊರಕೆ ನಿಂತಿತು. ಆದರೂ ಇಬ್ಬರೂ ಅದನ್ನು ತೆಗೆಯಲಿಲ್ಲ.