ಕೊನೆಯ ಮೂರು ತೋಟಾ

ವೆಂಡೆಲ್ ತೋಟಾ ಬಿಚ್ಚುವ ಸುತ್ತಿಗೆಯನ್ನು ಮರದ ದಿಮ್ಮಿಗೆ ಮೂರನೇ ಸಲ ಬಡಿದಾಗ, ಅಪ್ಪನ ಡಬ್ಬಿಯಿಂದ ತೆಗೆದ ತೋಟಾದ ಗುಂಡು ಕಳಚಿ ಸುತ್ತಿಗೆಯ ಪೊಳ್ಳು ತಲೆಯೊಳಗೆ ಬಿತ್ತು. ಹಿಂದೆಯೇ ಮದ್ದು ಸುರಿಯಿತು. ಅಂತ್ಯಕ್ರಿಯೆಯ ಕಪ್ಪು ಕೋಟಿನಲ್ಲೇ ಅವನು ಅಪ್ಪ ತೋಟಾ ತುಂಬುತ್ತಿದ್ದ ಶೆಡ್ಡಿನಲ್ಲಿ ನಿಂತಿದ್ದ. ಹನ್ನೊಂದಕ್ಕೆ ಗುಡ್ಡದ ಮೇಲೆ ಅಪ್ಪ ಒರ್ವಿಲ್‌ನನ್ನು ಮಣ್ಣು ಮಾಡಬೇಕಿತ್ತು. ಅಲ್ಲಿ ಗೌರವಕ್ಕೆಂದು ಅಪ್ಪನ ರೈಫಲ್ಲಿನಿಂದ, ಅಪ್ಪ ಕೊನೆಗೆ ತುಂಬಿ ಮೇಜಿನ ಮೇಲೆ ಬೇರೆಯಾಗಿಟ್ಟ ಮೂರು ತೋಟಾಗಳನ್ನೇ ಹಾರಿಸಬೇಕೆಂಬುದು ಅವನ ಹಟ.

"ಬೇಡ ಕಣೋ," ಎಂದ ಮರ್ಲ್. ಒರ್ವಿಲ್ ಜೊತೆ ನಲವತ್ತು ವರ್ಷ ಮೊಂಟಾನಾದ ಕಾಡುಗಳಲ್ಲಿ ಬೇಟೆಗೆ ಅಲೆದವನು. "ಇನ್ನೊಬ್ಬ ತುಂಬಿದ ತೋಟಾ ಹಾರಿಸಬಾರದು. ನನಗದನ್ನ ಕಲಿಸಿದ್ದೇ ನಿಮ್ಮಪ್ಪ. ಅದೂ ಅಲ್ದೆ ಈಚೆಗೆ ಅವನಿಗೆ ನನ್ನ ಹೆಸರೇ ನೆನಪಿರ್ತಿರಲಿಲ್ಲ."

"ನಿನ್ನ ಹೆಸರು ಮರೆತರೆ ನಷ್ಟವೇನು? ಕೈ ಮರೆತಿರಲಿಲ್ಲ. ನೋಡು."

ಮದ್ದನ್ನು ತಕ್ಕಡಿಯ ತಟ್ಟೆಗೆ ಸುರಿದ. ಮುಳ್ಳು ಓಲಾಡಿ ನಿಂತಿತು. ನಲವತ್ತೆರಡೂವರೆ ಗ್ರೇನ್. ಡಬ್ಬಿಯ ಚೀಟಿಯಲ್ಲಿ ಅಪ್ಪ ಬರೆದಷ್ಟೇ. ಡಬ್ಬಿಯಿಂದ ಇನ್ನೊಂದನ್ನು ತೆಗೆದು ಬಿಚ್ಚಿದ. ಅದೂ ಅಷ್ಟೇ.

"ಈಗೇನಂತೀಯ?"

ಬಾಗಿಲಲ್ಲಿ ಅವನ ಅಮ್ಮ ವರ್ನಾ ಬಂದು ನಿಂತಿದ್ದಳು. ಗಂಡ ಸತ್ತು ನಾಲ್ಕು ದಿನವಾದರೂ ಅವಳು ಅತ್ತಿರಲಿಲ್ಲ. ನೆರೆಯವರು ತಂದ ಅಡುಗೆಯನ್ನು ಫ್ರಿಜ್ಜಿನಲ್ಲಿ ಜೋಡಿಸುವುದೇ ಆಗಿತ್ತು.

"ಡಬ್ಬಿಯಲ್ಲಿರೋದು ನಾನು ಸರಿಮಾಡಿಟ್ಟಿದ್ದು," ಎಂದಳು. "ಆ ಮೂರು ಮಾತ್ರ ಅವರದ್ದು. ಅವನ್ನ ನಾನು ನೋಡಿಲ್ಲ."

*

ಎರಡು ವರ್ಷದ ಹಿಂದೆ ಒಂದು ದಿನ ಗುರಿ ಅಭ್ಯಾಸಕ್ಕೆ ಹೋದ ಒರ್ವಿಲ್ ಬೇಗನೆ ಮನೆಗೆ ಬಂದ. ಕೆನ್ನೆಯ ಮೇಲೆ ಮದ್ದಿನ ಮಸಿ. ಏನಾಯಿತೆಂದು ಕೇಳಿದರೆ ಮುಖ ತೊಳೆಯಲು ಹೋದ. ಮರುದಿನ ಮಧ್ಯಾಹ್ನ ಊಟ ಮಾಡಿ ಅವನು ಮಲಗಿದ ಮೇಲೆ ವರ್ನಾ ಶೆಡ್ಡಿಗೆ ಬಂದಳು. ಮದುವೆಯಾದ ಹೊಸತರಲ್ಲಿ ಇದೇ ಮೇಜಿನಲ್ಲಿ ಅವನ ಪಕ್ಕ ಕೂತು ಮದ್ದು ತೂಗಿದವಳು. ಅವನು ತುಂಬಿಟ್ಟಿದ್ದನ್ನು ಒಂದೊಂದೇ ಬಿಚ್ಚಿ ತೂಗಿದಾಗ ನಾಲ್ಕು ತೋಟಾ ಸರಿಯಿದ್ದವು. ಐದನೆಯದರಲ್ಲಿ ನಾಲ್ಕು ಗ್ರೇನ್ ಹೆಚ್ಚು, ರೈಫಲ್ ಸಿಡಿಯಲು ಅಷ್ಟು ಸಾಕು.

ಎಲ್ಲವನ್ನೂ ಬಿಚ್ಚಿ, ತೂಗಿ, ಮತ್ತೆ ತುಂಬಿ, ಅವನಿಟ್ಟ ಹಾಗೇ ಇಟ್ಟಳು. ಆಮೇಲೆ ಪ್ರತಿ ಮಧ್ಯಾಹ್ನ ಅದೇ ಕೆಲಸ.

*

"ಎರಡು ವರ್ಷ ಅಪ್ಪನ್ನ ಮಂಗ ಮಾಡಿದೀಯ," ಎಂದ ವೆಂಡೆಲ್. "ನಮ್ಮಪ್ಪನ ಕೈ ಇನ್ನೂ ಕರಾರುವಾಕ್ಕು ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದೆ."

"ಹ್ಞೂಂ. ಅವರಿಗೆ ಗೊತ್ತಾಗಿದ್ರೆ ಅವತ್ತೇ ಸತ್ತುಹೋಗ್ತಿದ್ರು," ಎಂದಳು ವರ್ನಾ. ಅವಳಿಗಿದ್ದ ಭಯವೂ ಅದೊಂದೇ.

ಮರ್ಲ್ ಮೇಜಿನ ಮೇಲಿದ್ದ ಒರ್ವಿಲ್‌ನ ಲೆಕ್ಕದ ಪುಸ್ತಕ ತಿರುವುತ್ತಿದ್ದ. ಯಾವ ದಿನ, ಯಾವ ಮದ್ದು, ಎಷ್ಟು ತೂಕ ಎಂದು ಒರ್ವಿಲ್ ಬರೆದಿಡುತ್ತಿದ್ದ ಪುಸ್ತಕ. ಬೇರೆಯವರು ಮುಟ್ಟುವಂತಿರಲಿಲ್ಲ, ವರ್ನಾ ಮುಟ್ಟಿರಲೂ ಇಲ್ಲ.

"ಅಯ್ಯೋ ದೇವರೇ, ಅವನಿಗೆ ಗೊತ್ತಿತ್ತು ಕಣೇ."

ಎರಡು ವರ್ಷದಿಂದ ಪ್ರತಿ ಸಾಲಿನ ಕೊನೆಗೂ ನಡುಗುವ ಅಕ್ಷರದಲ್ಲಿ ಒಂದೇ ಮಾತು: ವರ್ನಾ ನೋಡಿದಳು. ಕೊನೆಯ ಸಾಲು ಅವನು ಸತ್ತ ಸೋಮವಾರದ್ದು. ಮೂರು ತೋಟಾ. ವರ್ನಾ ನೋಡಬೇಕು.

ವರ್ನಾ ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಹೊರಗೆ ಶವದ ಗಾಡಿಯವನು ಹಾರ್ನ್ ಹೊಡೆದ.

"ಅಮ್ಮ, ಹೊತ್ತಾಯ್ತು..."

"ಕಾಯ್ಲಿ."

ಅಂತ್ಯಕ್ರಿಯೆಗೆ ಹಾಕಿದ್ದ ಕೈಗವಸು ಕಳಚಿ, ಕನ್ನಡಕ ಹಾಕಿಕೊಂಡು ಗಂಡನ ಸ್ಟೂಲಿನಲ್ಲಿ ಕೂತಳು. ಮೂರನ್ನೂ ಬಿಚ್ಚಿದಳು. ಒಂದರಲ್ಲಿ ಮದ್ದು ಕಡಿಮೆ. ಒಂದು ಸರಿಯಾಗಿತ್ತು. ಇನ್ನೊಂದು ಹಾರಿಸಿದವನ ಮುಖ ಸುಡುವಷ್ಟಿತ್ತು. ಚಿಟಿಕೆ ಚಿಟಿಕೆ ಮದ್ದು ಹಾಕಿ, ತೆಗೆದು, ಮುಳ್ಳು ನಿಲ್ಲುವವರೆಗೆ ಕಾದು, ಗುಂಡು ಕೂರಿಸಿ ತೋಟಾ ತುಂಬುವ ಯಂತ್ರದ ಹಿಡಿ ಒತ್ತಿದಳು.

ಮೂರೂ ತೋಟಾಗಳನ್ನು ಮಗನ ಅಂಗೈಗೆ ಹಾಕಿದಳು.

"ಅದರಲ್ಲಿ ಒಂದು ನನಗಿರಲಿ, ನಾನೂ ಹಾರಿಸ್ತೀನಿ," ಎಂದ ಮರ್ಲ್.

ಮೇಜಿಗೆ ದಾರ ಕಟ್ಟಿ ನೇತುಹಾಕಿದ್ದ ಪೆನ್ಸಿಲ್ ಎಳೆದುಕೊಂಡು, ವರ್ನಾ ಕೊನೆಯ ಸಾಲಿನ ಮುಂದೆ ಬರೆದಳು: ನೋಡಿದೆ.