ಏನೂ ಬೆಳೆಯದ ತಟ್ಟೆ

ಗ್ಲೌಸು ಅಂಗೈಗೆ ಅಂಟಿಕೊಂಡಿದೆ, ಎಳೆದರೆ ಇನ್ನೊಂದು ಬೊಕ್ಕೆ ಒಡೆಯುತ್ತದೆ, ಒಡೆಯಲಿ, ಒಡೆದರೇನಂತೆ, ಅದರಲ್ಲಿ ಏನೂ ಇಲ್ಲ — ಹತ್ತೊಂಬತ್ತು ವರ್ಷ ಈ ಲ್ಯಾಬಿನಲ್ಲಿ ಊರವರ ಕೀವನ್ನೆಲ್ಲ ಗಾಜಿನ ಮೇಲೆ ಸವರಿ ನೋಡಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ, ತನ್ನದನ್ನೂ ನೋಡಿದ್ದಾಳೆ, ಹೆಸರಿನ ಜಾಗ ಖಾಲಿ ಬಿಟ್ಟು, ಬಿಳಿ ರಕ್ತಕಣಗಳು ಸಂತೆ ನೆರೆದ ಹಾಗೆ ನೆರೆದಿವೆ, ಹೊಡೆಯಲು ಬಂದಿವೆ, ಹೊಡೆಸಿಕೊಳ್ಳಬೇಕಾದ ಕ್ರಿಮಿ ಮಾತ್ರ ಒಂದೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ತಿದೆ ಕಣಮ್ಮ, ಎಂದಿದ್ದರು ಮೂಳೆ ಡಾಕ್ಟರು, ಮೈ ಕಾಯೋ ಪಡೆನೇ ಮೈ ಮೇಲೆ ಬಿದ್ದಿದೆ, ಅಂಗೈಲಿ ಬೊಕ್ಕೆ, ಕುತ್ತಿಗೆ ಬುಡದ ಎಲುಬಲ್ಲಿ ಬಾವು, ಎರಡೂ ಒಂದೇ ಕಾಯಿಲೆ, ಅಪರೂಪದ್ದು, ಆದ್ರೆ ಯಾರಿಗೂ ಅಂಟಲ್ಲ. ಅಂಟಲ್ಲ. ತಂಗಿಗೆ ಹೇಳಿದ್ದೂ ಆಯಿತು, ಮೂರು ಸಲ, ಹೂಂ ಅಕ್ಕ, ಗೊತ್ತು ಅಕ್ಕ, ಅಂದವಳು ಹೋದ ಭಾನುವಾರ ಇವಳು ಅವಳ ಎಳೆಮಗುವಿಗೆ ಕೈ ಚಾಚಿದಾಗ ಹೊದಿಕೆಯನ್ನು ಮೇಲೆಳೆದಳು, ಈಗಷ್ಟೇ ಮಲಗಿದೆ, ಬಿಡಕ್ಕ — ಮಲಗಿತ್ತಂತೆ, ಹೊದಿಕೆಯ ಅಂಚಿನಿಂದ ಎರಡು ಕಣ್ಣು ಪಿಳಿಪಿಳಿ ನೋಡುತ್ತಿದ್ದವು. ಆ ತಂಗಿಯನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಕೈ ಇದೇ, ಮೂಗು ಒರೆಸಿದ್ದೂ ಇದೇ ಕೈ.

ಯಾರದಮ್ಮ ಈ ತಟ್ಟೆ, ಎರಡು ದಿನ ಬೆಚ್ಚಗಿಟ್ರೂ ಏನೂ ಬೆಳೆದಿಲ್ವಲ್ಲ, ಎಸಿ ಅತ್ಲಾಗೆ, ಎಂದರು ಲ್ಯಾಬಿನ ಯಜಮಾನರು, ಹೂಂ ಸಾರ್ ಎಂದಳು, ಎಸೆಯಲಿಲ್ಲ, ತನ್ನ ಬೊಕ್ಕೆಯ ಕೀವನ್ನೇ ರಕ್ತ ಬೆರೆಸಿದ ಕೆಂಪು ಪಾಕದ ಮೇಲೆ ಸವರಿ, ಕ್ರಿಮಿ ಬೆಳೆಯುತ್ತದೋ ನೋಡಲು ಇಟ್ಟದ್ದು, ಇದು ನಾಲ್ಕನೆಯದು, ಮೊದಲ ಮೂರರಲ್ಲೂ ಏನೂ ಬೆಳೆದಿರಲಿಲ್ಲ, ಆದರೂ ಮತ್ತೊಂದು ಇಟ್ಟಿದ್ದಳು, ಯಾಕೆ ಇಟ್ಟಳೋ — ಲ್ಯಾಬಿನ ತಟ್ಟೆ ಹೊಸಿಲು ದಾಟಬಾರದು, ಹೊಸಬರಿಗೆಲ್ಲ ಈ ಪಾಠ ಹೇಳಿಕೊಡುವವಳೇ ಇವಳು, ಈಗ ಅದು ಊಟದ ಡಬ್ಬಿಯೊಳಗೆ ಕೂತು ಬಸ್ಸಿನಲ್ಲಿ ಬರುತ್ತಿದೆ, ಬಾಣಂತಿ ಮನೆಗೆ ಯಾರಾದರೂ ಇಂಥ ಉಡುಗೊರೆ ಒಯ್ಯುತ್ತಾರೆಯೇ, ನಗು ಬರುತ್ತದೆ, ಬಸ್ಸು ಗುಂಡಿಗೆ ಬೀಳುತ್ತದೆ, ಎಲುಬು ಚುಳ್ಳೆನ್ನುತ್ತದೆ, ಕಾಯುವವರೆಲ್ಲ ಹೀಗೇ ಏನೋ, ತಂಗಿಯೂ ಮಗುವನ್ನು ಕಾಯುತ್ತಿದ್ದಾಳೆ, ಯಾರಿಂದ, ನನ್ನಿಂದ, ಆ ಎರಡು ಕಣ್ಣು, ಪಿಳಿಪಿಳಿ.

ಬಾಗಿಲು ತೆಗೆದವಳೇ ತಂಗಿ, ಮಗು ಹೆಗಲ ಮೇಲೆ. ಇವಳು ಡಬ್ಬಿ ಬಿಚ್ಚಿ ಕೆಂಪು ತಟ್ಟೆಯನ್ನು ಬೆಳಕಿಗೆ ಹಿಡಿದಳು, ಏನಕ್ಕ ಇದು, ಏನೂ ಇಲ್ವಲ್ಲ ಇದ್ರಲ್ಲಿ, ಅದೇ ಕಣೇ, ಏನೂ ಇಲ್ಲ, ನನ್ನ ಕೈ ಕೀವಿದು, ಒಂದು ಕ್ರಿಮಿನೂ ಬೆಳೆದಿಲ್ಲ. ತಂಗಿ ತಟ್ಟೆ ನೋಡಿದಳು, ಅಕ್ಕನ ಮುಖ ನೋಡಿದಳು, ಕಣ್ಣು ತುಂಬಿಕೊಂಡಳು, ತಪ್ಪಾಯ್ತಕ್ಕ, ತಗೋ, ಎಂದು ಮಗುವನ್ನೇ ಮುಂದೆ ಚಾಚಿದಳು — ತಗೋ, ಇದಕ್ಕೇ ತಾನೇ ಬಂದದ್ದು, ನಾಲ್ಕು ತಟ್ಟೆ ಇಟ್ಟದ್ದು, ತಗೋ, ಆದರೆ ತನ್ನ ಕೈಗಳೆಲ್ಲಿ, ಯಾವಾಗ ತಟ್ಟೆಯನ್ನು ಜಗಲಿಯ ಮೇಲಿಟ್ಟು ಬೆನ್ನ ಹಿಂದೆ ಹೋದವೋ, ಒಂದನ್ನೊಂದು ಬಿಗಿಯಾಗಿ ಹಿಡಿದು ನಿಂತಿವೆ, ಅಂಟಲ್ಲ, ಬನ್ನಿ ಎಂದರೂ ಬರುತ್ತಿಲ್ಲ, ಬಾಯಿ ಮಾತ್ರ ತಾನಾಗಿ ಹೇಳುತ್ತಿದೆ, ಈಗಷ್ಟೇ ಮಲಗಿದೆ, ಬಿಡೇ — ಎರಡು ಕಣ್ಣು, ಪಿಳಿಪಿಳಿ, ಇವಳನ್ನೇ ನೋಡುತ್ತಿವೆ.