ಇಟ್ಟಿಗೆ ಗೋಡೆಗೆ ನಾಲ್ಕು ಅಂಕ

“ಬಡವರಂತೆ ಬಡವರು. ಹೊಟ್ಟೆ ಬಿರಿಯೋ ಹಾಗೆ ತಿಂದು ತೇಗಿ, ಬಡವರ ಚೀಟಿ ಕೊಡಿ ಅಂತ ಕೈ ಚಾಚೋ ಮುಂಡೇವು” ಎಂದು ಗೋದಾಮಿನ ಸಾಹುಕಾರ ಇಡೀ ಓಣಿಗೆ ಕೇಳುವ ಹಾಗೆ ಅಂದ. ಬಡವರ ಪಟ್ಟಿ ಬರೆಯಲು ಬಂದಿದ್ದ ಸರಕಾರದ ಗಣತಿಯವನು ನಕ್ಕ. ಕೂತಿದ್ದದ್ದು ಸಾಹುಕಾರ ಕಳಿಸಿದ ಕುರ್ಚಿಯ ಮೇಲೆ. ನಗದೆ ಇರುವುದು ಹೇಗೆ?

ದಬ್ಬಳ ತಲೆ ಎತ್ತಲಿಲ್ಲ. ಗುಡಿಸಲ ಬಾಗಿಲಲ್ಲಿ ಕೂತು ಗೋದಾಮಿನ ಹರಿದ ಗೋಣಿಚೀಲ ಹೊಲಿಯುತ್ತಿದ್ದಳು. ಚೀಲ ಹೊಲಿಯುವ ಆ ದಪ್ಪ ಸೂಜಿಯ ಹೆಸರೇ ಅವಳಿಗೂ ಅಂಟಿತ್ತು. ಮೈಯೂ ಹಾಗೆ, ಮಾತೂ ಹಾಗೆ. ಇವತ್ತು ಮಾತ್ರ ಬಾಯಿ ಹೊಲಿದುಕೊಂಡಿದ್ದಳು. ಒಳಗೆ ಗಂಡ ಮಲಗಿದ್ದ. ಹತ್ತು ದಿನದ ಹಿಂದೆ ಗೋದಾಮಿನಲ್ಲಿ ಮೂಟೆಯ ಅಟ್ಟಿ ಕುಸಿದು ತೊಡೆಯ ಮೂಳೆ ಮುರಿದಿತ್ತು. ಬಡವರ ಚೀಟಿ ತಂದರೆ ಪುಕ್ಕಟೆ ರಾಡು ಹಾಕುತ್ತೇವೆ, ಇಲ್ಲವಾದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಮತ್ತೆ ಮೂಟೆ ಹೊರುವ ಮಾತೇ ಇಲ್ಲ ಎಂದಿದ್ದರು ಆಸ್ಪತ್ರೆಯಲ್ಲಿ.

ಗಣತಿಯವನ ಹಾಳೆಯಲ್ಲಿ ಮನೆಯೊಳಗೆ ಇರುವುದಕ್ಕೆಲ್ಲ ಅಂಕ. ಇಪ್ಪತ್ತು ದಾಟಿದರೆ ಬಡವರಲ್ಲ. ಅತ್ತೆಯ ಮಂಚಕ್ಕೆ ಎರಡು, ಫ್ಯಾನಿಗೆ ಮೂರು. ಅದು ತಿರುಗುವುದಿಲ್ಲ ಸ್ವಾಮಿ ಎಂದು ಅತ್ತೆ ಗೋಗರೆದಳು. ತಿರುಗಲೇಬೇಕು ಅಂತ ಹಾಳೆಯಲ್ಲಿಲ್ಲ ಎಂದ. ನಿನ್ನೆ ಒಲೆ ಹಚ್ಚಿಲ್ಲ ಎಂದಳು. ಒಲೆ ಇದೆಯೋ ಇಲ್ಲವೋ ಅಷ್ಟು ಹೇಳಜ್ಜಿ ಎಂದ. ಹೀಗೆ ಕೂಡುತ್ತ ಕೂಡುತ್ತ ಹದಿನೆಂಟಕ್ಕೆ ನಿಂತಾಗ ದಬ್ಬಳ ಉಸಿರು ಬಿಟ್ಟಳು. ಅಷ್ಟರಲ್ಲಿ ಅವನು ಒಳಗೆ ಇಣುಕಿದ.

ಗುಡಿಸಲಿಗೆ ಮೂರು ಕಡೆ ತಗಡು. ಹಿಂದುಗಡೆ ಇಟ್ಟಿಗೆ ಗೋಡೆ, ಅದು ಗೋದಾಮಿನದು. ಇವರು ಅದಕ್ಕೆ ಒರಗಿಸಿ ಸೂರು ಇಳಿಸಿಕೊಂಡಿದ್ದರು.

“ಇಟ್ಟಿಗೆ ಗೋಡೆಗೆ ನಾಲ್ಕು” ಎಂದ ಗಣತಿಯವನು.

ದಬ್ಬಳ ಎದ್ದಳು. ಗೋಡೆ ನಮ್ಮದಲ್ಲ, ಒಡೆಯರೇ ನಿಂತಿದ್ದಾರೆ, ಕೇಳಿ ಎಂದಳು.

ಸಾಹುಕಾರನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಗೋಡೆ ಓಣಿಯ ಜಾಗಕ್ಕೆ ಒಂದು ಮಾರು ನುಗ್ಗಿ ಬಂದದ್ದು ಎಲ್ಲರಿಗೂ ಗೊತ್ತು. ತನ್ನದೆಂದು ಸರಕಾರಿ ಕಾಗದದಲ್ಲಿ ಒಪ್ಪಿದರೆ ನಾಳೆ ಕೆಡವುವವರು ಬರುತ್ತಾರೆ.

“ಅದು ಅವರದೇ. ಅವರೇ ಕಟ್ಕೊಂಡಿರೋದು.”

ಅತ್ತೆ ಹಿಡಿ ಮಣ್ಣು ತೂರಿ, ನಿನ್ನ ವಂಶ ಹಾಳಾಗ ಎಂದಳು. ದಬ್ಬಳ ಅವಳ ಕೈ ಹಿಡಿದು ಸುಮ್ಮನಾಗಿಸಿದಳು.

“ಹಂಗಾದ್ರೆ ಸಾಹುಕಾರ್ರೇ, ಸ್ವಂತ ಗೋಡೆ ಅಂತ ಬರೆಸಿ ಸಾಕ್ಷಿಗೆ ನೀವೇ ರುಜು ಹಾಕ್ಬಿಡಿ. ನಾಳೆ ಮಾತು ಬದಲಾಗಬಾರ್ದು.”

ಸೋತಳು ಎಂದುಕೊಂಡು ಅವನು ರುಜು ಎಳೆದ. ಅವಳ ಹೆಬ್ಬೆಟ್ಟೂ ಬಿತ್ತು. ಒಟ್ಟು ಇಪ್ಪತ್ತೆರಡು. ಹಾಳೆಯ ಪ್ರತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆರೆಯವರಿಬ್ಬರನ್ನು ಕರೆದು ಗಂಡನನ್ನು ಚಾಪೆ ಸಮೇತ ಹೊರಗೆ ಮಲಗಿಸಿದಳು. ಆಮೇಲೆ ಮೂಲೆಯ ಹಾರೆ ತೆಗೆದುಕೊಂಡಳು.

ಮೊದಲ ಏಟಿಗೆ ಗಾರೆ ಉದುರಿತು. ಐದನೆಯದಕ್ಕೆ ಇಟ್ಟಿಗೆಯೊಂದು ಆಚೆ ಬಿತ್ತು.

“ಏಯ್, ತಲೆ ಕೆಟ್ಟಿದೆಯೇನೇ ಹಲ್ಕಟ್ ಮುಂಡೆ? ನಿಲ್ಸೇ” ಎನ್ನುತ್ತ ಸಾಹುಕಾರ ಬಾಗಿಲಿಗೆ ಓಡಿಬಂದ.

“ನನ್ನ ಗೋಡೆ. ಕಿಟಕಿ ಇಡ್ತಿದೀನಿ. ಕಾಲು ಮುರ್ಕೊಂಡು ಮಲಗಿರೋರಿಗೆ ಗಾಳಿ ಬೇಡ್ವಾ?”

ಅವನು ಆಳುಗಳನ್ನು ಕೂಗಿದ. ಆಳುಗಳೆಂದರೆ ಹಮಾಲರು, ಅವಳ ಗಂಡನ ಜೊತೆ ಮೂಟೆ ಹೊತ್ತವರು. ಬಂದರು, ನೋಡಿದರು. ಒಬ್ಬ ಬೀಡಿ ಹಚ್ಚಿದ. ಇನ್ನೊಬ್ಬ ತಲೆ ಕೆರೆದುಕೊಂಡು, “ಅವರ ಗೋಡೇನ ನಾವೆಂಗೆ ಮುಟ್ಟೋದು ಧಣಿ? ನೀವೇ ರುಜು ಹಾಕಿದೀರಂತಲ್ಲ” ಎಂದ.

ಹಾರೆ ತಾಗಿ ಆಚೆಯ ಮೂಟೆಯೊಂದು ಹರಿಯಿತು. ಗೋಧಿ ಗುಡಿಸಲೊಳಕ್ಕೆ ಸುರಿಯತೊಡಗಿತು. ಹೆಂಗಸರು ಸೆರಗು ಒಡ್ಡಿ ನುಗ್ಗಿದರು. ದಬ್ಬಳ ಹಾರೆ ಅಡ್ಡ ಹಿಡಿದಳು. ಒಂದು ಕಾಳೂ ಮುಟ್ಟಬೇಡಿ, ಕಳ್ಳರು ಅಂತ ಬರೆಸಿಬಿಡುತ್ತಾನೆ, ಗೋಡೆ ಯಾರದೆಂದು ಮೊದಲು ಅವನು ಬಾಯಿ ಬಿಡಲಿ ಎಂದಳು.

ಗೋಡೆಗೆ ಆತುಕೊಂಡಿದ್ದ ಮೂಟೆಗಳ ಅಟ್ಟಿ ಒಳಗೆಲ್ಲೋ ಕಿರ್ರೆಂದಿತು.

ಗಣತಿಯವನು ಕುರ್ಚಿ ಬಿಟ್ಟು ಎದ್ದಿದ್ದ. “ಗೋಡೆ ಯಾರದು ಅಂತ ಬರೀಲಿ ಸ್ವಾಮಿ?”

ಸಾಹುಕಾರ ಒಮ್ಮೆ ಗೋಡೆಯ ತೂತು ನೋಡಿದ, ಒಮ್ಮೆ ಗಣತಿಯವನ ಹಾಳೆ ನೋಡಿದ.

ದಬ್ಬಳ ಅಂಗೈಗೆ ಉಗುಳಿಕೊಂಡು ಹಾರೆ ಎತ್ತಿದಳು.

“ನಿಧಾನಕ್ಕೆ ಯೋಚ್ನೆ ಮಾಡಿ ಹೇಳಿ. ಗೋಡೆ ಇನ್ನೂ ಬೇಕಾದಷ್ಟಿದೆ.”